ಉಡುಪಿ ಕಡೆಯ ವಿಮಲಾ

ಉಡುಪಿ ಕಡೆಯವರೆಲ್ಲ ಸಸ್ಯಾಹಾರಿಗಳು ಎಂದು ನಂಬಿದವರು ಚೆನ್ನೈಯಲ್ಲಿ ಬಹಳ ಜನ. ದೋಸೆ ಹುಯ್ಯುವವನ ಮನೆಯಲ್ಲೂ ಮೂರು ಹೊತ್ತು ದೋಸೆಯೇ ಬೇಯುತ್ತದೆ ಎಂದು ಅವರ ಎಣಿಕೆ. ಮೈಲಾಪುರದ ಹರಿಪ್ರಿಯಾ ಅಂಥವರಲ್ಲಿ ಒಬ್ಬರು. ವಿಮಲಾ ಕೆಲಸ ಕೇಳಿಕೊಂಡು ಬಂದ ದಿನ ಯಾವೂರು ಎಂದು ಕೇಳಿದರು.

"ಕುಂದಾಪ್ರ ಅಕ್ಕ, ಉಡುಪಿ ಹತ್ರ. ನಮ್ಮನೆಯವ್ರ್ ಸೌಕಾರ್‌ಪೇಟೆ ಹೋಟ್ಲಗೆ ದೋಸಿ ಹೊಯ್ತ್ರ್."

ಅಷ್ಟೇ ಸಾಕಾಯಿತು. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಮಾಧ್ವರ ಮನೆ ಅದು. ಯಾರನ್ನೂ ಅಡುಗೆಮನೆಗೆ ಸೇರಿಸದ ಹರಿಪ್ರಿಯಾ ಇವಳನ್ನು ನೇರವಾಗಿ ಒಲೆಯ ಮುಂದೆ ನಿಲ್ಲಿಸಿ ಬ್ಯಾಂಕಿಗೆ ಹೊರಟರು.

ವಿಮಲಾ ಸುಳ್ಳು ಹೇಳಲಿಲ್ಲ. ಕೇಳದೆ ಇದ್ದದ್ದನ್ನು ಹೇಳಲಿಲ್ಲ, ಅಷ್ಟೆ. ತಿರುವೊಟ್ಟಿಯೂರಿನ ಅವಳ ಮನೆಯಲ್ಲಿ ಮೀನಿಲ್ಲದೆ ಯಾರಿಗೂ ಅನ್ನ ಇಳಿಯುವುದಿಲ್ಲ. ಅದು ಗೊತ್ತಾದರೆ ಆ ಅಡುಗೆಮನೆಯಲ್ಲಿ ಜಾಗವಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆರು ವರ್ಷ ಮಿಂದು, ಒಗೆದ ಸೀರೆಯುಟ್ಟು ಹೋಗಿ ಆ ಮನೆಯ ಸಾರು, ಹುಳಿ, ಪಲ್ಯ ಮಾಡಿದಳು. ಎಲ್ಲರೂ ಚಪ್ಪರಿಸಿಕೊಂಡು ಉಂಡರು.

ನಡುವೆ ಬಂದದ್ದು ಬ್ರೂನೋ. ಮಗಳು ಅಕ್ಷಯಾ ಹಟ ಮಾಡಿ ತಂದ ಲ್ಯಾಬ್ರಡಾರ್ ನಾಯಿ. ಮೊಸರನ್ನ ತಿಂದು ತಿಂದು ಎರಡನೇ ವರ್ಷಕ್ಕೆ ಅದರ ಕೂದಲು ಉದುರಿತು. ಮೀನು ಕೊಡಿ ಎಂದರು ಡಾಕ್ಟರು. ನಮ್ಮ ಮನೆಯಲ್ಲಿ ಅದೆಲ್ಲ ಆಗದು ಎಂದು ಹರಿಪ್ರಿಯಾ ಇನ್ನೊಂದು ಚಮಚ ತುಪ್ಪ ಹಾಕಿದರು. ನಾಯಿ ಗೋಡೆಗೆ ಮೈ ಉಜ್ಜಿ ಉಜ್ಜಿ ರಕ್ತ ಬರಿಸಿಕೊಳ್ಳುತ್ತಿತ್ತು. ನೋಡಲಾರದೆ ವಿಮಲಾ ಉಪ್ಪು ಹಾಕದೆ ಬೇಯಿಸಿದ ಬಂಗುಡೆ ಮೀನನ್ನು ಡಬ್ಬಿಯಲ್ಲಿ ತಂದು, ಅದನ್ನು ವಾಕಿಂಗ್ ಕರೆದೊಯ್ದಾಗ ಕದ್ದು ಕೊಡತೊಡಗಿದಳು. ತಾನು ಹೇಳುವವರೆಗೆ ಬಾಯಿ ಹಾಕಬಾರದೆಂದೂ ಕಲಿಸಿದಳು. ನಾಲ್ಕು ತಿಂಗಳಲ್ಲಿ ಬ್ರೂನೋ ಮೈ ತುಂಬಿಕೊಂಡು ಹೊಳೆಯಿತು. ಹರಿಪ್ರಿಯಾ ಕಂಡಕಂಡವರಿಗೆಲ್ಲ ತುಪ್ಪದ ಮಹಿಮೆ ಹೇಳಿದರು.

ಕಳೆದ ಜನವರಿಯ ಒಂದು ಭಾನುವಾರ, ಊರಾಚೆ ಕಡಲಂಚಿನ ಇಸಿಆರ್ ರಸ್ತೆಯ ತೋಟವೊಂದರಲ್ಲಿ ನಾಯಿ ಸಾಕಿದವರಿಗೆಂದೇ ವಿಹಾರ. ನಾಯಿಗಳಿಗೆ ಈಜು, ಓಟ, ಮಧ್ಯಾಹ್ನ ಎಲ್ಲರಿಗೂ ಊಟ. ನಾಯಿ ಹಿಡಿಯಲು ಒಬ್ಬರು ಬೇಕಲ್ಲ, ವಿಮಲಾಳೂ ಕಾರು ಹತ್ತಿದಳು. ಬ್ರೂನೋ ಕೊಳಕ್ಕೆ ಹಾರಿ, ಎದ್ದು ಬಂದು ಅವಳ ಮೈಮೇಲೇ ನೀರು ಕೊಡವಿತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಊಟಕ್ಕೆ ಮುಂಚೆ ಕೊನೆಯ ಆಟ. ಪ್ರತಿ ನಾಯಿಯ ಮುಂದೆ ಬೇಯಿಸಿದ ಮೀನಿನ ತಟ್ಟೆ. ಹೆಚ್ಚು ಹೊತ್ತು ಬಾಯಿ ಹಾಕದೆ ಕೂತದ್ದಕ್ಕೆ ಬಹುಮಾನ. ನಮ್ಮದು ಶುದ್ಧ ವೆಜ್, ಮೂಸುವುದೂ ಇಲ್ಲ ಎಂದು ಹರಿಪ್ರಿಯಾ ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಹೇಳಿದರು. ನಿಮಿಷದಲ್ಲಿ ಉಳಿದ ನಾಯಿಗಳೆಲ್ಲ ಸೋತವು. ಬ್ರೂನೋ ಕೂತೇ ಇತ್ತು. ಬಹುಮಾನ ಅದಕ್ಕೇ ಎಂದು ಮೈಕಿನಲ್ಲಿ ಕೂಗಿದರು.

ಹರಿಪ್ರಿಯಾ ಬೀಗಿದರು. ನಾಯಿಯ ಬಾಯಿಂದ ಮಾತ್ರ ಜೊಲ್ಲು ಸುರಿಯುತ್ತಿತ್ತು. ಅದರ ಕಣ್ಣು ವಿಮಲಾಳ ಮುಖದ ಮೇಲಿತ್ತು. ಸುಮ್ಮನಿದ್ದಿದ್ದರೆ ಅವಳು ಬಚಾವು. ಆದರೆ ಯಾರೋ ತಟ್ಟೆ ಎತ್ತಲು ಬಗ್ಗಿದರು. ಬ್ರೂನೋ ಸಣ್ಣಗೆ ಕುಂಯ್‌ಗುಟ್ಟಿತು, ಕಾಲು ನಡುಗುತ್ತಿದ್ದರೂ ಅಲುಗಲಿಲ್ಲ.

"ತಿನ್ ಮಗಾ," ಎಂದಳು ವಿಮಲಾ.

ತಟ್ಟೆ ಕ್ಷಣದಲ್ಲಿ ಖಾಲಿಯಾಯಿತು. ಹರಿಪ್ರಿಯಾಗೆ ಅರ್ಥವಾಗಲು ತಡವಾಗಲಿಲ್ಲ.

"ಎಷ್ಟು ದಿವ್ಸದಿಂದ ಕೊಡ್ತಿದ್ದೀಯೆ?"

"ವರ್ಷ ಆಯ್ತ್ ಅಕ್ಕ. ಅದ್ರ ಮೈ ಕಾಂಬುಕೆ ಆಯ್ಲಿಲ್ಲ."

"ಎಲ್ಲಿ ಬೇಯಿಸ್ತಿದ್ದೆ?"

"ನಮ್ಮನೆಯಗೇ. ನಾವ್ ತಿಂಬುದ್ರಗೇ ಒಂದ್ ತುಂಡ್."

"ನೀವು ತಿನ್ನೋದ್ರಲ್ಲಾ? ಉಡುಪಿ ಕಡೆಯವ್ಳು ಅಂತ ತಾನೇ ನಿನ್ನ ಒಳಗೆ ಬಿಟ್ಕೊಂಡೆ."

"ವಿಡುಮ್ಮಾ," ಎಂದಳು ಅಕ್ಷಯಾ, ಬಿಟ್ಟುಬಿಡಮ್ಮ ಎಂದು. ಅಮ್ಮ ಬಿಡಲಿಲ್ಲ.

ಊಟದ ಮೇಜಿಗೆ ನಾಲ್ಕು ಕುರ್ಚಿಗಳಿದ್ದವು. ಹರಿಪ್ರಿಯಾ, ಗಂಡ ಪ್ರಮೋದ, ಅಕ್ಷಯಾ ಕೂತರು. ನಾಲ್ಕನೆಯದರ ಮೇಲೆ ಹರಿಪ್ರಿಯಾ ತಮ್ಮ ಬ್ಯಾಗು ಇಟ್ಟರು. ಬ್ರೂನೋ ಮೇಜಿನಡಿ ಅವರ ಪಾದಕ್ಕೆ ಒರಗಿ ಮಲಗಿತು. ವಿಮಲಾ ಕಾರಿನ ಬಳಿ ನಿಂತುಕೊಂಡು ಸಾಂಬಾರನ್ನ ತಿಂದಳು.

ಹಿಂದಿರುಗುವಾಗ ಹರಿಪ್ರಿಯಾ ಕೂಗಾಡದೆ ಹೇಳಿದರು. "ಕೆಲ್ಸದಿಂದ ತೆಗೀತಿಲ್ಲ. ಬ್ರೂನೋ ನೀನಿಲ್ದೆ ಇರಲ್ಲ. ಅದಕ್ಕೆ ಕೊಡೋದನ್ನ ಕೊಡು, ಹೊರಗಡೆ. ಆದ್ರೆ ನಾಳೆಯಿಂದ ನೀ ಬಾಗ್ಲು ದಾಟ್ಬೇಡ."

ತೆಗೆದುಹಾಕಿದ್ದರೇ ಮರ್ಯಾದೆಯಾಗಿರುತ್ತಿತ್ತು. ಕೆಲಸಕ್ಕೆ ಬೇರೆ ಮನೆ ನೋಡು ಎಂದ ವಿಮಲಾಳ ಗಂಡ ಬಾಬು, ಆ ರಾತ್ರಿ. "ಮತ್ತೆ ಅದ್ಕ್ ಮೀನ್ ಯಾರ್ ಕೊಡ್ತ್ರ್?" ಎಂದಳು ಈ ಹುಚ್ಚಿ.

ಸೋಮವಾರ ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಂತಳು. ಹರಿಪ್ರಿಯಾ ನಾಯಿಯ ಚೈನಿನ ತುದಿಯನ್ನು ಬೆರಳು ತಾಗದಂತೆ ಮೇಲಿನಿಂದ ಅವಳ ಅಂಗೈಗೆ ಬಿಟ್ಟರು. ಬೀದಿಯ ತಿರುವಿನಲ್ಲಿ ಬ್ರೂನೋ ಬಂಗುಡೆ ತಿಂದಿತು. ವಾಪಸು ಬಂದಾಗ ಬಾಗಿಲು ತೆರೆಯಿತು. ನಾಯಿ ಅದೇ ಬಾಯಿ ಹೊತ್ತು ಒಳಗೆ ನುಗ್ಗಿತು. ಹರಿಪ್ರಿಯಾ ಬಗ್ಗಿ ಅದರ ಮೂತಿಗೊಂದು ಮುತ್ತು ಕೊಟ್ಟು ಬಾಗಿಲು ಹಾಕಿಕೊಂಡರು.