ಕುರಿಯ ಕಪ್ಪು

ಚಂದ್ರಕಲಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ರಾಯಚೂರಿನ ಪ್ರಭುರಾಜನ ಫೋಟೊ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವಳು. ಮದುಮಗಳನ್ನು ‘ಇನ್ನಷ್ಟು ಬೆಳ್ಳಗ ಮಾಡ್ರಿ’ ಎಂದು ಬಂದವರೊಂದಿಗೆಲ್ಲ ಜಗಳ ಕಾಯ್ದಿದ್ದಾಳೆ. ಇದ್ದ ಬಣ್ಣ ಇದ್ದ ಹಾಗೇ ಇರಬೇಕು, ಅಷ್ಟೇ. ಆ ಹಟ ಅಪ್ಪನಿಂದ ಬಂದದ್ದು. ಮಸರಕಲ್ಲಿನಲ್ಲಿರುವ ಅಪ್ಪ ಬೂದೆಪ್ಪ ತನ್ನ ಕುರಿಗಳ ಉಣ್ಣೆಯಿಂದಲೇ ಕಂಬಳಿ ನೇಯುತ್ತಾನೆ. ಹನಿ ಬಣ್ಣವನ್ನೂ ಮುಟ್ಟಿಸಿದವನಲ್ಲ. ಕುರಿಯ ಮೈಮೇಲಿನ ಕಪ್ಪೇ ಕಂಬಳಿಯ ಕಪ್ಪು, ಬಿಸಿಲಿಗೆ ಹಿಡಿದರೆ ಒಂಚೂರು ಕಂದು. ಬಣ್ಣ ಹಾಕಿದ ಕಂಬಳಿಯನ್ನು ಆ ಮನೆಯವರು ಕುಲದೇವರು ಬೀರಪ್ಪನ ಮುಂದೆ ಹಾಸುವುದಿಲ್ಲ.

ಈ ವರ್ಷ ಆ ಕಂಬಳಿಗಳನ್ನು ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟವಳು ಅವಳೇ. ಕಂಬಳಿಯನ್ನು ಮಾನಿಟರ್ ಪಕ್ಕದಲ್ಲಿಟ್ಟುಕೊಂಡು, ಎರಡೂ ಒಂದೇ ಕಾಣುವ ತನಕ ಫೋಟೊ ತಿದ್ದಿದ್ದಳು. ಆದರೂ ಮೊದಲು ಹೋದ ಮೂರೂ ಮಸರಕಲ್ಲಿಗೆ ವಾಪಸ್ ಬಂದವು. ‘ಫೋಟೊದಲ್ಲಿ ಕಡುಗಪ್ಪು, ಕೈಗೆ ಬಂದದ್ದು ಕಂದು. ಇದು ಮೋಸ’ ಎಂದು ಕೊಂಡವರು ಬರೆದಿದ್ದರು. ಉರಿದುಬಿದ್ದ ಚಂದ್ರಕಲಾ ಅದನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದಳು. ಅವನು ಫೋನ್ ಇಟ್ಟ.

ನಾಲ್ಕು ದಿನ ಕೊಂಡವರಿಗೆ ಹಿಡಿಶಾಪ ಹಾಕಿದಳು. ಐದನೇ ದಿನ ಅದೇ ಫೋಟೊವನ್ನು ತನ್ನ ಮೊಬೈಲಿನಲ್ಲಿ ತೆರೆದಳು. ಕಂಬಳಿ ಡಾಂಬರಿನ ಹಾಗೆ ಕರ್ರಗಿತ್ತು.

ಕಂಪ್ಯೂಟರಿನ ಸೆಟ್ಟಿಂಗ್ಸ್ ತೆಗೆದಳು. ಪ್ರತಿ ಮಾನಿಟರಿಗೂ ಬಣ್ಣದ ಪ್ರೊಫೈಲ್ ಎಂಬುದೊಂದಿದೆ. ಆ ಮಾನಿಟರ್ ಯಾವ ಬಣ್ಣವನ್ನು ಎಷ್ಟು ಗಾಢವಾಗಿ ತೋರಿಸುತ್ತದೆ ಎಂಬ ಜಾತಕ. ಕಂಪ್ಯೂಟರ್ ಆ ಜಾತಕ ನೋಡಿಯೇ ಚಿತ್ರವನ್ನು ಹೊಂದಿಸುತ್ತದೆ. ಎರಡು ತಿಂಗಳ ಹಿಂದೆ ಹೊಸ ಮಾನಿಟರ್ ತಂದ ಪ್ರಭುರಾಜ ಅದಕ್ಕೆ ಹಳೆಯದರ ಪ್ರೊಫೈಲನ್ನೇ ಕೂಡಿಸಿದ್ದ. ಹಳೆಯ ಮಾನಿಟರ್ ಮಂಕು, ಎಲ್ಲವನ್ನೂ ಕಪ್ಪಗೆ ತೋರಿಸುತ್ತಿತ್ತು. ಇದೂ ಮಂಕೆಂದು ನಂಬಿದ ಕಂಪ್ಯೂಟರ್ ಎಲ್ಲವನ್ನೂ ತಿಳಿಯಾಗಿಸಿ ತೋರಿಸುತ್ತಿತ್ತು; ಅದನ್ನು ನಂಬಿ ಇವಳು ಕಪ್ಪು ಸುರಿಯುತ್ತ ಹೋಗಿದ್ದಳು.

“ಮಾನಿಟರ್ ಬದಲಿ ಮಾಡಿದ್ರ ಪ್ರೊಫೈಲೂ ಬದಲಿ ಮಾಡಬೇಕಂತ ತಿಳೀದೇನ್ರಿ?” ಎಂದು ಕಿರುಚಿದಳು.

“ಹಳೇದು ಚಲೋ ಇತ್ತಂತ ಅದನ್ನ ಹಾಕೀನಿ. ಅಷ್ಟಕ್ಕ ಯಾಕ ಹಾರ್ಯಾಡಾಕತ್ತಿ?” ಎಂದ ಪ್ರಭುರಾಜ. “ಕಂಬಳಿಗೆ ಒಂದೀಟು ಬಣ್ಣ ಹಾಕು ಅಂತ ನಿಮ್ಮಪ್ಪಗ ಹೇಳು, ಮುಗೀತು.”

ಮೌಸನ್ನು ಮೇಜಿಗೆ ಕುಕ್ಕಿ ಮಸರಕಲ್ಲಿಗೆ ಹೋಗಲು ದೇವದುರ್ಗದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವನ ಮೇಲೆ ಹಲ್ಲು ಕಡಿದಳು. ಒಂದು ಸಲ ಮೊಬೈಲಿನಲ್ಲಿ ನೋಡದೆ ಹೋದ ತನ್ನ ಮೇಲೂ ಅಷ್ಟೇ ಸಿಟ್ಟು ಬಂತು.

ಮನೆಯಂಗಳದಲ್ಲಿ ಮೂರು ಕಲ್ಲಿನ ಮೇಲೆ ಹಂಡೆ ಕುದಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಬೂದೆಪ್ಪನ ಕೈ ಮೊಣಕೈವರೆಗೂ ಕಪ್ಪಾಗಿತ್ತು.

“ಯಪ್ಪಾ, ಏನ್ ಮಾಡಾಕತ್ತಿ?”

“ನಿನ್ನ ಫೋಟೊದಾಗ ಇದ್ದಂಗ ಮಾಡಾಕತ್ತೀನಿ ಬೇ. ನೀ ಸುಳ್ಳು ಬಣ್ಣ ತೋರ್ಸಾಕಿ ಅಲ್ಲ. ನನ್ನ ಕುರೀದ ತಪ್ಪಿರಬೇಕು.”

ಅವನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಬಿಂದಿಗೆ ನೀರು ಎತ್ತಿ ಒಲೆಗೆ ಸುರಿದಳು. ವಾಪಸ್ ಬಂದಿದ್ದ ಮೂರೂ ಕಂಬಳಿ ಆಗಲೇ ಹಗ್ಗದ ಮೇಲೆ ಒಣಗುತ್ತಿದ್ದವು. ಮೊಬೈಲ್ ತೆಗೆದು ಪಕ್ಕಕ್ಕೆ ಹಿಡಿದಳು. ಅವಳ ಫೋಟೊದ ಕಪ್ಪೇ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.