ನೊಗ ಕಂಡರೆ ಕುಂಟುವ ಬೆರಳು

ನನ್ನ ಬಲಗೈಯ ಉಂಗುರದ ಬೆರಳು ಮೊದಲ ಸಲ ಮಾತು ಕೇಳದೆ ಹೋದದ್ದು ಒಂದು ಸೋಮವಾರ ಬೆಳಿಗ್ಗೆ ಐದೂಕಾಲಿಗೆ. ಹೊತ್ತು ಸರಿಯಾಗಿ ನೆನಪಿದೆ. ಐದಕ್ಕೆ ಎಡಗೈ, ಐದೂಕಾಲಿಗೆ ಬಲಗೈ, ಐದೂವರೆಗೆ ಎರಡೂ ಕೈ ಎಂಬ ಕ್ರಮವನ್ನು ನಾನು ಇಪ್ಪತ್ತೆರಡು ವರ್ಷ ತಪ್ಪಿಸಿರಲಿಲ್ಲ. ಪಿಯಾನೋ ಮೇಲೆ ಸ್ವರಗಳನ್ನು ಒಂದೊಂದಾಗಿ ಒತ್ತುತ್ತ ಮೇಲಕ್ಕೆ ಹೋಗುತ್ತಿದ್ದಾಗ ಆ ಬೆರಳು ತನ್ನಷ್ಟಕ್ಕೆ ಅಂಗೈಯೊಳಕ್ಕೆ ಮಡಚಿಕೊಂಡಿತು. ನೋವಿಲ್ಲ, ಊತವಿಲ್ಲ. ಬಿಡಿಸಿದೆ, ಮತ್ತೆ ಅದೇ ಜಾಗದಲ್ಲಿ ಮಡಚಿಕೊಂಡಿತು.

ಆ ಕ್ರಮ ನನಗೆ ಬಂದದ್ದು ಒಬ್ಬ ದೊರೆಸಾನಿಯಿಂದ. ಹುಣಸೂರಿನ ಹೊರಗೆ ಕಾಫಿ ವ್ಯಾಪಾರದ ಇಂಗ್ಲಿಷ್ ದೊರೆಯೊಬ್ಬರ ಬಂಗಲೆಯಿತ್ತು. ನಮ್ಮಪ್ಪ ಅಲ್ಲಿ ಬಟ್ಲರ್. ಮಕ್ಕಳಿಲ್ಲದ ದೊರೆಸಾನಿ ನನ್ನನ್ನು ಪಿಯಾನೋ ಮುಂದೆ ಕೂರಿಸಿ ಹತ್ತು ವರ್ಷ ಕಲಿಸಿದರು. ಐದು ನಿಮಿಷ ತಡವಾದರೆ ಅವತ್ತು ಪಾಠವಿಲ್ಲ. ಬರುವುದಿಲ್ಲ ಎಂದು ನಾನು ಅತ್ತರೆ, ಅಪ್ಪನಿಂದ ಕಲಿತ ಕನ್ನಡದಲ್ಲಿ, "ಬಾರದ ಬೆರಳು ಅಂತ ಇಲ್ಲ. ಕೂರದ ಹುಡುಗ ಇದ್ದಾನೆ, ಅಷ್ಟೆ" ಎನ್ನುತ್ತಿದ್ದರು. ನಾನು ಕೂತೆ. ಕೂತದ್ದರಿಂದಲೇ ಮೈಸೂರಿನ ಒಂದು ಇಂಗ್ಲಿಷ್ ವಾದ್ಯಮೇಳದಲ್ಲಿ ಪಿಯಾನೋ ನುಡಿಸುವ ಕೆಲಸ ಸಿಕ್ಕಿತು. ಯುದ್ಧ ಶುರುವಾಗಿ ಮೇಳದ ಮುಖ್ಯಸ್ಥರು ತಮ್ಮ ದೇಶಕ್ಕೆ ಹೋದ ಮೇಲೆ ಮೇಳವನ್ನು ನಡೆಸುವ ಕಂಡಕ್ಟರ್ ಕೋಲೂ ನನ್ನ ಕೈಗೆ ಬಂತು. ಬರುವ ಚಳಿಗಾಲದ ದೊಡ್ಡ ಸಂಗೀತ ಕಚೇರಿಯಲ್ಲಿ ನಾನು ಪಿಯಾನೋ ಮುಂದೆ ಕೂತು, ನುಡಿಸುತ್ತಲೇ, ಮೂವತ್ತು ಜನರನ್ನು ನಡೆಸಬೇಕು ಎಂದು ಗೊತ್ತಾಯಿತು. ಅಂಥ ಅವಕಾಶಕ್ಕಾಗಿಯೇ ನಾನು ಅಷ್ಟು ವರ್ಷ ಐದಕ್ಕೆ ಎದ್ದದ್ದು.

ಬೆರಳು ಮಡಚಿಕೊಂಡದ್ದು ಅದಾದ ಮೇಲೆ. ಐದು ತಿಂಗಳು ಒಬ್ಬ ಡಾಕ್ಟರಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಡಾಕ್ಟರು ಕೈ ಹಿಡಿದು ನೋಡಿ ಏನೂ ಇಲ್ಲ ಎಂದರು. ಕಚೇರಿಗೆ ಎರಡು ತಿಂಗಳು ಉಳಿದಾಗ ನಾಲ್ಕು ದಿನ ರಜ ಹಾಕಿ ಕಟ್ಟೆಮಳಲವಾಡಿಗೆ, ಅಕ್ಕನ ಮನೆಗೆ ಹೋದೆ.

ನನಗೆ ಕಂಡಕ್ಟರ್ ಕೆಲಸವೂ ಬಂದಿದೆ ಎಂದು ಅಕ್ಕನಿಗೆ ಹಿಂದೆಯೇ ಕಾರ್ಡು ಬರೆದಿದ್ದೆ. ಶಾಲೆಯ ಮೇಷ್ಟರು ಅದನ್ನು ಓದಿ ಹೇಳಿದ್ದರು. ನಾನು ಅಂಗಳಕ್ಕೆ ಕಾಲಿಡುತ್ತಿದ್ದಂತೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬಾರ್ಲಾ ಕಂಡಕ್ಟ್ರೇ! ಅಷ್ಟು ವರ್ಸ ಆ ಪೆಟ್ಗೆ ಬಾರ್ಸಿ ಕೊನೇಗೆ ಬಸ್ಸಿಗೆ ಬಂದ್ಯಾ? ಓಗ್ಲಿ ಬುಡು, ಯಾವ ಕೆಲ್ಸಾನೂ ಕೀಳಲ್ಲ. ಯಾವ ಲೈನು? ಪಿರಿಯಾಪಟ್ನಾನೋ, ಕೋಟೆನೋ?"

"ಬಸ್ಸಲ್ಲ ಕಣಕ್ಕ. ಮೂವತ್ತು ಜನ ವಾದ್ಯ ನುಡಿಸ್ತಾರೆ. ಯಾರು ಯಾವಾಗ ಶುರು ಮಾಡ್ಬೇಕು, ಯಾವಾಗ ನಿಲ್ಲಿಸ್ಬೇಕು ಅಂತ ಮುಂದೆ ನಿಂತು ತೋರ್ಸೋದು."

"ನಾನೂ ಅದ್ನೇ ಕಣ್ಲಾ ಏಳ್ತಿರೋದು. ರೈಟ್ ಅಂದ್ರೆ ಒಂಡ್ಬೇಕು, ಓಲ್ಡಾನ್ ಅಂದ್ರೆ ನಿಲ್ಬೇಕು. ಇನ್ನೇನು ಯತ್ವಾಸ ಅದ್ರಾಗೆ?"

ಬೆರಳಿನ ವಿಷಯ ಹೇಳಿದಾಗ ಅವಳ ನಗು ನಿಂತಿತು. ಆದರೆ ಕಾರಣ ಅವಳಿಗೆ ಆಗಲೇ ಗೊತ್ತಾಗಿಬಿಟ್ಟಿತ್ತು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಹಿಂದೆ ಒಂದು ದೊಡ್ಡ ಒಲೆ. ಹೊರಡುವ ಮುಂಚೆ ಕಂಡಕ್ಟರು ಗಾಳಿಚಕ್ರದ ಹಿಡಿ ತಿರುವಿ ತಿರುವಿ ಬೆಂಕಿ ಎಬ್ಬಿಸಬೇಕು.

"ಆ ಇಡಿ ತಿರುವೀ ತಿರುವೀನೇ ನಿನ್ ಬೆರ್ಳು ಓಗಿರಾದು" ಎಂದು ತೀರ್ಮಾನ ಕೊಟ್ಟಳು.

ಮಾರನೆಯ ದಿನ ಹುಣಸೂರಿನ ಸಂತೆಗೆ ಕರೆದುಕೊಂಡು ಹೋದಳು. ಹಂಪಾಪುರದ ಕಡೆಯಿಂದ ಬರುವ ಮೂಳೆ ಕಟ್ಟುವ ತಾತ ಅಲ್ಲಿ ಹುಣಸೆಮರದ ಕೆಳಗೆ ಕೂರುತ್ತಿದ್ದರು. ಮನುಷ್ಯರಿಗೂ ಎತ್ತಿಗೂ ಅವರೇ ವೈದ್ಯರು. ನನ್ನ ಬೆರಳಿನ ಒಂದೊಂದು ಗೆಣ್ಣನ್ನೂ ಒತ್ತಿದರು. ನೆಲದ ಮೇಲಿನ ಹುಣಸೆಬೀಜ ಆರಿಸಲು ಹೇಳಿದರು, ಆರಿಸಿದೆ. ಹಗ್ಗಕ್ಕೆ ಗಂಟು ಹಾಕಲು ಹೇಳಿದರು, ಹಾಕಿದೆ. ಬೆರಳು ವಿಧೇಯವಾಗಿ ನಡೆದುಕೊಂಡಿತು.

"ಬೆರ್ಳು ಸರ್ಯಾಗೈತೆ ಬುದ್ದಿ. ಎಲ್ಲಿ ಕೈ ಕೊಡ್ತದೆ ಇದು?"

"ಪಿಯಾನೋ ಮೇಲೆ ಮಾತ್ರ ತಾತ."

"ಅಂಗಾರೆ ಅದನ್ನ ತಂದು ತೋರ್ಸಿ ಮತ್ತೆ."

"ಅದನ್ನ ಎತ್ತೋಕೆ ಎಂಟು ಜನ ಬೇಕು."

"ನಾವೇ ಓಗವ ಅದ್ರತಾಕೆ. ಎಲ್ಲೈತೆ?"

ಸುತ್ತಿನ ತಾಲ್ಲೂಕುಗಳಲ್ಲೆಲ್ಲ ನಾನು ಬಲ್ಲ ಪಿಯಾನೋ ಇದ್ದದ್ದು ಒಂದೇ ಮನೆಯಲ್ಲಿ. ಐದು ತಿಂಗಳಿಂದ ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದ ಮನೆಯೂ ಅದೇ.

ದೊರೆ ತೀರಿಹೋಗಿ ಆಗಲೇ ಕೆಲವು ವರ್ಷವಾಗಿತ್ತು. ದೊರೆಸಾನಿ ಕೋಲೂರಿಕೊಂಡು ಬಂದು ಬಾಗಿಲು ತೆಗೆದರು. ನನ್ನನ್ನು, ಅಕ್ಕನನ್ನು, ಹೆಗಲ ಮೇಲೆ ಟವಲಿನ ತಾತನನ್ನು ನೋಡಿದರು. ನಾನು ಬಂದ ಕಾರಣ ಹೇಳಿದೆ. ಅವರು ಪಿಯಾನೋದ ಮುಚ್ಚಳ ತೆಗೆದು, ಮೊದಲಿನಂತೆ ಗಡಿಯಾರ ಕಾಣುವ ಜಾಗದಲ್ಲಿ ಕೂತರು. ಅಕ್ಕ ಬಾಗಿಲ ಬಳಿ ನಿಂತಳು. ತಾತ ಸೀದಾ ಬಂದು ನನ್ನ ಬಲಗೈ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಬೆರಳು ಒತ್ತುವ ಮಣೆಗಳ ಮಟ್ಟಕ್ಕೆ ತಂದರು.

ನುಡಿಸಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ನಾಲ್ಕನೆಯದು ಒಳಕ್ಕೆ ಮಡಚಿಕೊಂಡಿತು.

"ಇನ್ನೊಂದು ಸಲ" ಎಂದರು ದೊರೆಸಾನಿ.

ಇನ್ನೊಂದು ಸಲವೂ ಹಾಗೆಯೇ ಆಯಿತು. ಏಳೆಂಟು ಸಲ ನುಡಿಸಿದೆ. ನನ್ನ ಬೆನ್ನು ಬೆವೆತಿತ್ತು. ತಾತ ಎದ್ದು ನಿಂತರು.

"ಇದು ಕಾಯ್ಲೆ ಅಲ್ಲ ಬುದ್ದಿ, ನೊಗದ ಕುಂಟು. ಕೆಲವು ಎತ್ತು ಅಂಗೇ. ಬಯಲಲ್ಲಿ ಬುಡಿ, ಕುಣೀತದೆ. ನೊಗ ಕಂಡ್ರೆ ಕುಂಟ್ತದೆ. ಕಾಲಲ್ಲಿ ಉಡುಕುದ್ರೆ ಏನೂ ಸಿಕ್ಕಾಕಿಲ್ಲ. ಜಾಸ್ತಿ ಹೂಡಿದ ಎತ್ತಿಗೇ ಬರಾದು ಇದು, ಸೋಮಾರಿ ಎತ್ತಿಗೆ ಬರಾಕಿಲ್ಲ."

"ಔಷಧ?"

"ನೊಗ ತೋರ್ಸಬ್ಯಾಡಿ. ಒಂದು ವರ್ಸ ಇದ್ರ ಮುಂದೆ ಕೂರ್ಲೇಬ್ಯಾಡಿ. ಮರ್ತ್ರೂ ಮರ್ತೀತು."

"ಮರೀಲಿಲ್ಲ ಅಂದ್ರೆ?"

"ಮೇಯ್ಕಂಡಿರ್ಲಿ ಬುಡಿ. ಎಲ್ಲಾ ಎತ್ತೂ ಉಳ್ಲೇಬೇಕಾ?"

ದೊರೆಸಾನಿಗೆ ಮಾತು ಪೂರ್ತಿ ಅರ್ಥವಾಯಿತೋ ಇಲ್ಲವೋ. ಗಡಿಯಾರದ ಕಡೆ ನೋಡಿ, "ದಿನಕ್ಕೆ ಇನ್ನೊಂದು ಗಂಟೆ. ನಿಧಾನ. ಆ ಬೆರಳು ಮಾತ್ರ" ಎಂದರು. ಪಿಯಾನೋದ ಮುಚ್ಚಳ ಹಾಕದೆ ಎದ್ದು ಒಳಗೆ ಹೋದರು. ಅಷ್ಟು ವರ್ಷದಲ್ಲಿ ಅದನ್ನು ನಾನು ಕಂಡಿರಲಿಲ್ಲ.

ಒಂದು ವರ್ಷ ಬಿಡುವುದೆಂದರೆ ಕಚೇರಿಯನ್ನು ಬಿಡುವುದು. ಅದಕ್ಕಿಂತ ಹೆಚ್ಚಾಗಿ, ಕಷ್ಟ ಬಂದರೆ ಇನ್ನೊಂದು ಗಂಟೆ ಕೂರಬೇಕು ಎನ್ನುವುದನ್ನು ಬಿಟ್ಟು ನನಗೆ ಬೇರೆ ದಾರಿ ಯಾರೂ ಕಲಿಸಿರಲಿಲ್ಲ. ಮೈಸೂರಿಗೆ ಹೋಗಿ ಐದರ ಬದಲು ನಾಲ್ಕಕ್ಕೆ ಏಳತೊಡಗಿದೆ. ಒಂದು ಬೆರಳು, ಒಂದು ಗಂಟೆ, ಗಡಿಯಾರ ಎದುರಿಗೆ. ಮೂರನೆಯ ವಾರ ಕಿರುಬೆರಳೂ ಅದರ ಜೊತೆ ಮಡಚಿಕೊಳ್ಳಲು ಶುರುಮಾಡಿತು.

ಕಚೇರಿಗೆ ಹತ್ತು ದಿನ ಇರುವಾಗ, ನುಡಿಸಲಾರೆ ಎಂದು ಬರೆದುಕೊಟ್ಟೆ. ಬೆಂಗಳೂರಿನಿಂದ ಬೇರೊಬ್ಬರು ಬಂದು ನನ್ನ ಪೀಠದಲ್ಲಿ ಕೂತರು. ನಾನು ಕೋಲು ಹಿಡಿದು ನಿಂತೆ. ಕೋಲು ಹಿಡಿಯುವಾಗ ಆ ಎರಡು ಬೆರಳು ಅಂಗೈಯೊಳಕ್ಕೆ ಮಡಚಿರುವುದೇ ಸರಿಯಾದ ಕ್ರಮ. ನೋಡಿದವರಿಗೆ ಏನೂ ತಿಳಿಯಲಿಲ್ಲ. ಬೆಂಗಳೂರಿನವರು ಚೆನ್ನಾಗಿ ನುಡಿಸಿದರು. ನಾಲ್ಕನೆಯ ಬೆರಳಿನ ಜಾಗ ಬಂದಾಗಲೆಲ್ಲ ನಾನು ಅವರ ಕೈ ನೋಡದೆ ಕೊಳಲಿನವರ ಕಡೆ ತಿರುಗಿಕೊಂಡೆ.

ಅಕ್ಕ ಆ ಕಚೇರಿಗೆ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು. ಮಾರನೆಯ ದಿನ ಬೆಳಿಗ್ಗೆ ಅವಳನ್ನು ಹುಣಸೂರಿನ ಬಸ್ಸಿಗೆ ಹತ್ತಿಸಲು ಹೋದೆ. ಬಸ್ಸಿನ ಕಂಡಕ್ಟರು ಹಿಂದೆ ನಿಂತು ಒಲೆಯ ಹಿಡಿ ತಿರುವಿ ಸುಸ್ತಾಗಿದ್ದ. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಮ್ ತಮ್ಮಾನೂ ಕಂಡಕ್ಟ್ರೇ ಕಣಪ್ಪ. ಮೂವತ್ತು ಜನ ಇವ್ನ ಮಾತು ಕೇಳ್ತಾರೆ" ಎಂದಳು.

"ಓ, ನಮ್ಮೋರೇ ಅನ್ನಿ! ಯಾವ ಲೈನು ಸಾಮಿ?"

ಇಲ್ಲ ಎನ್ನಲು ಬಾಯಿ ತೆರೆದೆ. ಅಕ್ಕನ ಮುಖ ಬೆಳಗುತ್ತಿತ್ತು.

"ಮೈಸೂರಲ್ಲೇ" ಎಂದೆ.

"ಅಂಗಾರೆ ಒಂದು ಕೈ ಆಕಿ ಸಾಮಿ, ಅಚ್ಕಳ್ತಾನೇ ಇಲ್ಲ ಇದು."

ಕೋಟಿನ ತೋಳು ಮಡಚಿ ಹಿಡಿಗೆ ಕೈ ಹಾಕಿದೆ. ಐದು ಬೆರಳೂ ಸರಿಯಾಗಿ ಸುತ್ತಿಕೊಂಡವು. ಲೆಕ್ಕ ಹಾಕಿಕೊಂಡು, ಒಂದೇ ಲಯದಲ್ಲಿ ತಿರುವಿದೆ. ಉಂಗುರದ ಬೆರಳು ಒಂದು ಸಲವೂ ಜಾರಲಿಲ್ಲ. ಎರಡು ನಿಮಿಷದಲ್ಲಿ ಇದ್ದಿಲು ಹತ್ತಿಕೊಂಡಿತು.