ಆಟದ ಮೇಷ್ಟ್ರಿಗೆ ಕೊಟ್ಟ ವೀಳ್ಯ

ಬೆಳಗ್ಗೆ ದೀಪ ಹಚ್ಚಲು ಹೋದರೆ ಊದುಬತ್ತಿಗಿಂತ ಮುಂಚೆ ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿಯಿತು. ನಿಮ್ಮ ರಂಜಿತಕ್ಕ ಬೆಂಗಳೂರಿನಿಂದ ಬಂದಿದ್ದಾಳೆಂದು ನನಗೆ ಗೊತ್ತಾಗುವುದೇ ಹೀಗೆ. ಬೇರೆಯವರ ಮೊಮ್ಮಕ್ಕಳು ಸೆಂಟು ಹಾಕಿಕೊಂಡು ಬರುತ್ತಾರೆ, ನಮ್ಮವಳು ಮಂಡಿಗೆ ಮುಲಾಮು ಬಳಿದುಕೊಂಡು ಬರುತ್ತಾಳೆ. ಅವಳಾಡುವ ಬ್ಯಾಸ್ಕೆಟ್‌ಬಾಲ್ ನನಗೆ ಇವತ್ತಿಗೂ ಅರ್ಥವಾಗಿಲ್ಲ. ತಳವಿಲ್ಲದ ಬುಟ್ಟಿಗೆ ಚೆಂಡು ತುಂಬಲು ಅಷ್ಟು ಜನ ಯಾಕೆ ಬಡಿದಾಡಬೇಕೋ.

ಅವಳು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ನೀವೆಲ್ಲ ಚಿಕ್ಕವರು, ಅದಕ್ಕೇ ಹೇಳುತ್ತೇನೆ. ಹಾಸನದ ಕಾಲೇಜೊಂದರ ಆಟದ ಮೇಷ್ಟ್ರು ನಂಜಪ್ಪನವರು ಚನ್ನರಾಯಪಟ್ಟಣಕ್ಕೆ ಬಸ್ಸಿಳಿದು ನಮ್ಮ ಮನೆ ಹುಡುಕಿಕೊಂಡು ಬಂದರು. ಪರ ಗಂಡಸರ ಮುಂದೆ ನಿಂತು ನನಗೆ ಅಭ್ಯಾಸವಿರಲಿಲ್ಲ, ಅಡುಗೆಮನೆ ಬಾಗಿಲ ಹಿಂದೆ ನಿಂತು ಇಣುಕಿದೆ. ಮೇಷ್ಟ್ರು ರಂಜಿತಳ ಎತ್ತರ ನೋಡಿದರು, ಅಂಗೈ ಅಗಲಿಸು ಎಂದರು, ಮಂಡಿ ನೋವಿದೆಯಾ ಎಂದರು. ಹೆಣ್ಣು ನೋಡಲು ಬಂದವರೇ ಇರಬೇಕು ಅಂದುಕೊಂಡೆ. ಆದರೆ ಮಂಡಿ ವಿಚಾರಿಸುವ ಗಂಡಿನ ಕಡೆಯವರನ್ನು ನಾನು ಕಂಡಿರಲಿಲ್ಲ. ಆಟದ ಕೋಟಾದಲ್ಲಿ ಸೀಟು, ಹಾಸ್ಟೆಲು ಎರಡೂ ಬಿಟ್ಟಿ, ಕಾಲೇಜಿನ ಪರವಾಗಿ ಆಡಿದರೆ ಸಾಕು ಎಂದಾಗ ವಿಷಯ ತಿಳಿಯಿತು. ಅವಳಪ್ಪ, ನನ್ನ ಮಗ ಶಂಕರನಿಗೆ ಖುಷಿಯೋ ಖುಷಿ. ಊಟ ಮಾಡಿ ಹೊರಟವರಿಗೆ ಎಲೆ ಅಡಿಕೆ ಕೊಡುವುದು ನಮ್ಮ ಮನೆಯ ವಾಡಿಕೆ. ಜೊತೆಗೊಂದು ತೆಂಗಿನಕಾಯಿ ಇಟ್ಟು, ಬಾಗಿಲ ಸಂದಿಯಿಂದ ತಟ್ಟೆ ತಳ್ಳಿದೆ.

ಮುಂದಿನ ವಾರವೇ ಬೆಂಗಳೂರಿನ ಕ್ಲಬ್ಬಿನವರು ಫೋನು ಮಾಡಿದರು. ಹೊಸ ಲೀಗು, ಸಂಬಳ ಕೊಟ್ಟು ಆಡಿಸುತ್ತಾರಂತೆ. ಆದರೆ ಲೀಗು ನಡೆಯುವಾಗ ಕಾಲೇಜಿನ ಪರವಾಗಿ ಆಡುವಂತಿಲ್ಲ. ಶಂಕರ ಮೇಷ್ಟ್ರಿಗೆ ತಿಳಿಸಿದ. ಅವರು ಸಿಕ್ಕಿದ ಬಸ್ಸು ಹತ್ತಿ ಬಂದೇಬಿಟ್ಟರು.

"ಮೊದ್ಲು ಹುಡುಗೀರೇ ಸೀಟು ಕೇಳ್ಕಂಡು ನಮ್ಮತ್ರ ಬರೋರು ಶಂಕ್ರಣ್ಣ. ಈಗ ಲೀಗ್ನೋರು ಐಸ್ಕೂಲಲ್ಲೇ ಗೊತ್ತು ಮಾಡ್ಕಂಡ್ಬುಡ್ತಾರೆ. ಹೊಲ ಉಳೋ ಗಂಡಿಗೆ ಹೆಣ್ಣು ಸಿಗದಂಗೆ ಆಗೈತೆ ನಮ್ ಕಾಲೇಜ್ ಗತಿ," ಎಂದು ಗೋಳಾಡಿದರು. ಆಮೇಲೆ ದನಿ ಗಟ್ಟಿ ಮಾಡಿದರು: "ನಿಮ್ಮವ್ವಾರು ವೀಳ್ಯ ಕೊಟ್ಟವ್ರೆ. ವೀಳ್ಯ ಕೊಟ್ಮ್ಯಾಲೆ ಮಾತು ಮುಗೀತು."

ನಮ್ಮ ಕಡೆ ವೀಳ್ಯ ಕೈ ಬದಲಾಯಿತೆಂದರೆ ಹೆಣ್ಣು ಆ ಮನೆಯದು. ನಾನು ಕೊಟ್ಟದ್ದು ಊಟದ ಎಲೆ ಅಡಿಕೆ, ಮೇಷ್ಟ್ರು ಹಿಡಿದದ್ದು ನಿಶ್ಚಯದ ವೀಳ್ಯ. ಶಂಕರ ಎದುರಾಡಲಾರದೆ, ಕ್ಲಬ್ಬಿಗೆ ಆಗುವುದಿಲ್ಲ ಎನ್ನಲು ಮೊಬೈಲು ಎತ್ತಿಕೊಂಡ. ರಂಜಿತ ಕಾಲ ಹೆಬ್ಬೆರಳಿಂದ ನೆಲ ಕೆರೆಯುತ್ತಾ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

ಹೊಳೆನರಸೀಪುರದ ಕಡೆಯ ಹಳ್ಳಿಯಲ್ಲಿ ನಮ್ಮಪ್ಪ ನನ್ನ ವೀಳ್ಯ ಕೊಟ್ಟಾಗ ನಾನು ಹಿತ್ತಿಲಲ್ಲಿ ಕರುವಿಗೆ ಹುಲ್ಲು ಹಾಕುತ್ತಿದ್ದೆ. ಕರುವನ್ನೂ ಯಾರೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ನಿಮ್ಮ ತಾತ ಒಳ್ಳೆಯವರೇ, ಅದು ಬೇರೆ ಮಾತು.

ಅದು ಹೇಗೆ ಹೊರಗೆ ಬಂದೆನೋ ತಿಳಿಯದು. ಸೆರಗು ಹೊದ್ದು ಮೇಷ್ಟ್ರ ಮುಂದೆ ನಿಂತಿದ್ದೆ.

"ಸಾ, ವೀಳ್ಯ ಕೊಟ್ಟೋಳು ನಾನು. ಅದ್ಕೆ ಯಾರಾರ ಬರ್ಲೇಬೇಕು ಅಂದ್ರೆ ನಾನೇ ಬತ್ತೀನಿ. ಆಸ್ಟ್ಲಲ್ಲಿ ಮುದ್ದೆ ಆಕ್ತಾರಾ?"

ನಂಜಪ್ಪನವರು ಅಭ್ಯಾಸಬಲದಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಎತ್ತರ ಸಾಲ್ದು ಕಣವ್ವ," ಎಂದರು.

ಮೊದಲು ನಕ್ಕವರೂ ಅವರೇ. ರಂಜಿತ ಕಣ್ಣೊರೆಸಿಕೊಂಡು, "ನಾನು ಕ್ಲಬ್ಬಿಗೇ ಹೋಗ್ತೀನಿ ಸಾರ್," ಎಂದಳು. ಯಾರಾದರೂ ಕೇಳಲಿ ಎಂದು ಕಾದಿದ್ದ ಮಾತು ಅದು.

ಹೋದಳು, ಕೆಲವು ವರ್ಷ ಆಡಿದಳು. ಈ ವರ್ಷ ಮಾತ್ರ ಕ್ಲಬ್ಬಿನಿಂದ ಇನ್ನೂ ಕರೆ ಬಂದಿಲ್ಲ. ಇವತ್ತು ಮಧ್ಯಾಹ್ನ ನಂಜಪ್ಪನವರು ಮತ್ತೆ ಬರುತ್ತಾರಂತೆ, ಕರೆಸಿದವಳು ಇವಳೇ. "ಕಾಲೇಜಿಗೆ ಸೇರ್ತೀನಿ ಅಜ್ಜಿ. ಆದ್ರೆ ಲೀಗ್ನೋರು ಕರೆದಾಗ ಬಿಡ್ಬೇಕು. ಒಪ್ಪಿದ್ರೆ ನಾನೇ ವೀಳ್ಯ ಕೊಡ್ತೀನಿ," ಎಂದು ಈಗಷ್ಟೇ ಹೇಳಿ ಹೋದಳು.

ನಾನು ಆಗಲೇ ನಡುಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದೇನೆ. ಇವರಿಬ್ಬರ ಚೌಕಾಸಿಯನ್ನು ಎದುರಿಗೇ ಕೂತು ನೋಡಬೇಕು.